ಏಳನೇ ತಂತಿಗೆ ಚೀಟಿ ದುಡ್ಡು

"ಆರು ತಂತಿ ಸಾಲ್ದೇನೋ ನಿಂಗೆ?"

ಕೆ.ಆರ್. ಪುರ ಸಂತೆಬೀದಿಯ ಹಿಂದಿನ ಒಂದು ಎರಡು ಕೋಣೆಯ ಮನೆಯಲ್ಲಿ ಈ ಪ್ರಶ್ನೆ ಎದ್ದು ಮೂರು ತಿಂಗಳಾಯ್ತು. ಕೇಳಿದವರು ಅಪ್ಪ. ಬಸ್ ಕಂಡಕ್ಟರಾಗಿ ದುಡಿದು ಈಗ ಮನೆಯಲ್ಲಿರುವವರು. ಕೇಳಿಸಿಕೊಂಡವನು ಮಗ. ವಯಸ್ಸು 24, ಟಿನ್ ಫ್ಯಾಕ್ಟರಿ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ, ಸಂಜೆ ಆದ್ರೆ ಗಿಟಾರು. ಹೆಸರು ಇಲ್ಲಿ ಬೇಡ. ಮನೆಯ ಚೀಟಿ ವ್ಯವಹಾರ ಬೀದಿಗೆ ಬರುತ್ತೆ ಅಂತ ಅವನೇ ಬೇಡ ಅಂದಿದ್ದಾನೆ.

ಹುಡುಗನಿಗೆ ಬೇಕಾಗಿದ್ದದ್ದು ಏಳು ತಂತಿಯ ಎಲೆಕ್ಟ್ರಿಕ್ ಗಿಟಾರು. ಅದೂ ಎಂಥದ್ದು? ಫ್ರೆಟ್‌ಗಳು ನೇರವಾಗಿ ಕೂತಿರೋದಲ್ಲ, ಬೀಸಣಿಗೆ ಬಿಚ್ಚಿಟ್ಟ ಹಾಗೆ ಓರೆಯಾಗಿ ಹರಡಿರುವಂಥದ್ದು. ಫ್ರೆಟ್ ಅಂದ್ರೆ ಗೊತ್ತಲ್ಲ, ವೀಣೆಯಲ್ಲಿ ಮೆಟ್ಟು ಅಂತೀವಲ್ಲ ಅದೇ. ಇಂಗ್ಲಿಷಿನವರು ಇದಕ್ಕೆ ಫ್ಯಾನ್ಡ್ ಫ್ರೆಟ್ ಅಂತಾರೆ. ಅಂಗಡಿಯವರು ಮಲ್ಟಿ ಸ್ಕೇಲ್ ಅಂತಾರೆ. ಮೊದಲ ಸಲ ನೋಡಿದವರು "ಏನ್ ಗುರು, ಮಹಡಿ ಮೇಲಿಂದ ಬಿತ್ತಾ?" ಅಂತಾರೆ.

ದುಡ್ಡಿನ ಲೆಕ್ಕ ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಿಟಾರಿನ ಆಸೆ ಎಲ್ಲರಿಗೂ ಅರ್ಥವಾಗೋದಿಲ್ಲ. ಚೀಟಿ ಎಲ್ಲರಿಗೂ ಅರ್ಥವಾಗುತ್ತೆ. ತಿಂಗಳಿಗೆ 2,000 ರೂಪಾಯಿ, 20 ತಿಂಗಳ ಚೀಟಿ. 14ನೇ ತಿಂಗಳಲ್ಲಿ 3,000 ಬಿಟ್ಟು ಕೂಗಿ ಹುಡುಗ ಚೀಟಿ ಎತ್ತಿದ. ಕೈಗೆ ಬಂದದ್ದು 37,000. ಅದರಲ್ಲಿ 12,000 ತಂಗಿಯ ಬಿ.ಕಾಂ. ಎರಡನೇ ವರ್ಷದ ಫೀಸು. ಅದನ್ನು ಮುಟ್ಟೋ ಹಾಗಿಲ್ಲ, ಅಮ್ಮನ ಕಟ್ಟಪ್ಪಣೆ. ಉಳಿದದ್ದು 25,000. ಹಳೇ ಆರು ತಂತಿಯ ಗಿಟಾರನ್ನು ಶಿವಾಜಿನಗರದ ಚರ್ಚ್ ಕಾಯರ್‌ನಲ್ಲಿ ಬಾರಿಸುವ ಒಬ್ಬ ಹುಡುಗನಿಗೆ 8,000ಕ್ಕೆ ಮಾರಿದ. ಒಟ್ಟು 33,000. ಇಷ್ಟರೊಳಗೆ ಆಟ.

ಹಳೇದನ್ನು ಮೊದಲೇ ಮಾರಿದ್ದು ತಪ್ಪಾಯ್ತು ಅಂತ ಆಮೇಲೆ ಗೊತ್ತಾಯ್ತು. ಹೊಸದು ಬರೋ ತನಕ ಮೂರು ವಾರ ಮನೆಯಲ್ಲಿ ಗಿಟಾರೇ ಇಲ್ಲ. ಬೈತಿದ್ದ ಅಪ್ಪನೇ ನಾಲ್ಕನೇ ದಿನ "ಏನೇ, ಮನೆ ಸುಮ್ನಿದೆಯಲ್ಲ" ಅಂತ ಹೆಂಡತಿಯನ್ನು ಕೇಳಿದರಂತೆ.

ಹಗ್ಗ ಸಡಿಲವಾದ್ರೆ

ಅಪ್ಪನ ಪ್ರಶ್ನೆಗೆ ಉತ್ತರ ಇದೆ. ಬಟ್ಟೆ ಒಣಹಾಕೋ ಹಗ್ಗ ನೋಡಿ. ಬಿಗಿಯಾಗಿದ್ರೆ ಬೆರಳಲ್ಲಿ ಮೀಟಿದಾಗ ಝಣ್ ಅನ್ನುತ್ತೆ. ಜೋತುಬಿದ್ರೆ ಬರೀ ಅಲ್ಲಾಡುತ್ತೆ. ಗಿಟಾರಿನ ಅತಿ ದಪ್ಪ ತಂತಿಯ ಸಾಮಾನ್ಯ ಶ್ರುತಿ ಸೆಕೆಂಡಿಗೆ ಸುಮಾರು 82 ಕಂಪನ. ಸಾಮಾನ್ಯ 25.5 ಇಂಚಿನ ಗಿಟಾರಿನಲ್ಲಿ, ಮಾಮೂಲಿ ದಪ್ಪದ ತಂತಿಗೆ, ಆಗ ಎಳೆತ ಸುಮಾರು 8 ಕಿಲೋ. ಈ ಹುಡುಗರ ಬ್ಯಾಂಡಿನಂಥ ಗಟ್ಟಿ ಸಂಗೀತದವರಿಗೆ ಅದು ಸಾಲದು, ಇನ್ನೂ ಕೆಳಗೆ ಬೇಕು. ಅದೇ ತಂತಿಯನ್ನು 62 ಕಂಪನಕ್ಕೆ ಇಳಿಸಿದ್ರೆ ಎಳೆತ ನಾಲ್ಕೂವರೆ ಕಿಲೋಗೆ ಬೀಳುತ್ತೆ. ತಂತಿ ಫ್ರೆಟ್ಟಿಗೆ ಬಡಿದು ಗಿರಗಿರ ಅನ್ನುತ್ತೆ. ಜೋರಾಗಿ ಹೊಡೆದ್ರೆ ಶ್ರುತಿ ಮೇಲಕ್ಕೆ ಹಾರಿ ಮತ್ತೆ ಇಳಿಯುತ್ತೆ. ರೆಕಾರ್ಡಿಂಗ್ ಕೋಣೆಯಲ್ಲಿ ಇದು ಬಚ್ಚಿಡೋಕಾಗಲ್ಲ. ಇವರ ಎರಡು ಹಾಡಿನ ರೆಕಾರ್ಡಿಂಗ್ ಇಂದಿರಾನಗರದಲ್ಲಿ ಒಂದು ಸಲ ಕೆಟ್ಟದ್ದೂ ಇದರಿಂದಲೇ. ಗಂಟೆ ಲೆಕ್ಕದ ಬಾಡಿಗೆ ದಂಡ.

ದಪ್ಪ ತಂತಿ ಹಾಕ್ಕೊಳ್ಳಿ ಅಂತೀರಾ? ಹಾಕಬಹುದು. ಒಂದು ಮಿತಿ ದಾಟಿದ್ರೆ ತಂತಿ ಸಲಾಕೆ ಥರ ಸೆಟೆದುಕೊಂಡು ದನಿ ಮಂಕಾಗುತ್ತೆ. ಇನ್ನೊಂದು ದಾರಿ ತಂತಿಯ ಉದ್ದ ಹೆಚ್ಚಿಸೋದು. 25.5 ಇಂಚಿನದನ್ನು 27 ಇಂಚು ಮಾಡಿದ್ರೆ, ಅದೇ ತಂತಿ, ಅದೇ ಶ್ರುತಿ, ಎಳೆತ ಮಾತ್ರ ನೂರಕ್ಕೆ 12ರಷ್ಟು ಹೆಚ್ಚು. ಏಳನೇ ತಂತಿಗೆ ಹಾಕುವ ದಪ್ಪದ್ದಾದ್ರೆ 6.7 ಕಿಲೋ ಇದ್ದದ್ದು 7.5 ಆಗುತ್ತೆ. ಆದ್ರೆ ಎಲ್ಲಾ ತಂತಿಯನ್ನೂ ಉದ್ದ ಮಾಡಿದ್ರೆ ಸಣ್ಣ ತಂತಿ ವಿಪರೀತ ಬಿಗಿಯಾಗಿ ಪಟ್ ಅಂತ ಹರಿಯುತ್ತೆ, ಬೆರಳು ಎಟುಕೋದಿಲ್ಲ. ಹಾಗಾಗಿ ದಪ್ಪ ತಂತಿ ಉದ್ದ, ಸಣ್ಣ ತಂತಿ ಗಿಡ್ಡ. ಪಿಯಾನೋದ ಮುಚ್ಚಳ ಎತ್ತಿ ನೋಡಿದವರಿಗೆ ಇದು ಹೊಸದಲ್ಲ, ಒಳಗೆ ಹಾಗೇ ಇರುತ್ತೆ. ಗಿಟಾರಿನಲ್ಲಿ ಹೀಗೆ ಮಾಡಿದ ಕೂಡಲೇ ಫ್ರೆಟ್ ಓರೆಯಾಗಲೇಬೇಕು. ನಡುವೆ ಎಲ್ಲೋ ಒಂದು ಫ್ರೆಟ್ ಮಾತ್ರ ನೆಟ್ಟಗೆ ಉಳಿಯುತ್ತೆ. ಅದರ ಆಚೆ ಈಚೆ ಉಳಿದವು ಹರಡಿಕೊಳ್ಳುತ್ತವೆ.

ಹೊಸ ಹುಚ್ಚು ಅಂದುಕೊಳ್ಳಬೇಡಿ. ಸುಮಾರು 400 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಆರ್ಫೇರಿಯನ್ ಅನ್ನೋ ತಂತಿವಾದ್ಯಕ್ಕೆ ಓರೆ ಫ್ರೆಟ್ ಇತ್ತು. ಎಲೆಕ್ಟ್ರಿಕ್ ಗಿಟಾರಿಗೆ ಇದನ್ನು ಒಗ್ಗಿಸಿ 1989ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ರಾಲ್ಫ್ ನೋವಾಕ್. ಆ ಪೇಟೆಂಟಿನ ಅವಧಿ ಮುಗಿದ ಮೇಲೆ ದಾರಿ ತೆರೆಯಿತು, ಕಡಿಮೆ ರೇಟಿನ ಕಂಪನಿಗಳೂ ಕೈ ಹಾಕಿದವು. ಏಳು ತಂತಿಯ ಕಥೆ ಬೇರೆ. ಜಪಾನಿನ ಐಬನೇಜ್ ಕಂಪನಿ ಸ್ಟೀವ್ ವಾಯ್ ಹೆಸರಿನಲ್ಲಿ 1990ರಲ್ಲಿ ಯೂನಿವರ್ಸ್ ಅನ್ನೋ ಗಿಟಾರು ಬಿಟ್ಟಿತು. 1994ರಲ್ಲಿ ಕೋರ್ನ್ ಬ್ಯಾಂಡಿನ ಮೊದಲ ಆಲ್ಬಮ್ ಬಂದ ಮೇಲೆ ಗಟ್ಟಿ ಸಂಗೀತದ ಹುಡುಗರೆಲ್ಲ ಅದಕ್ಕೇ ಬಿದ್ದರು.

ನಮ್ಮೂರಿಗೆ ಈ ಗಾಳಿ ಯಾವಾಗ ಬೀಸಿತು? ದಂಡಿನ ಕಡೆ ಇಂಗ್ಲಿಷ್ ವಾದ್ಯ 1809ರಲ್ಲಿ ಕಂಟೋನ್ಮೆಂಟ್ ಆದಾಗಿನಿಂದ ಇದ್ದದ್ದೇ. ಮಿಲಿಟರಿ ಬ್ಯಾಂಡು, ಚರ್ಚಿನ ಪಿಯಾನೋ, ಆಮೇಲೆ ಹೋಟೆಲಿನ ಗಿಟಾರು. ಅರಮನೆ ಮೈದಾನದಲ್ಲಿ 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬಾರಿಸಿತು. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬಂತು. ಅದಕ್ಕೆ ಹತ್ತೇ ದಿನ ಮುಂಚೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಓಡಿತ್ತು. ನಮ್ಮ ಹುಡುಗ ಆಗ ಪ್ರೈಮರಿ ಸ್ಕೂಲು. ಮೆಟ್ರೋ ನೋಡೋಕೆ ಅಪ್ಪನ ಜತೆ ಹೋಗಿದ್ದ. ಮೆಟಾಲಿಕಾ ನೋಡೋಕೆ ಪಕ್ಕದ ಮನೆಯ ಅಣ್ಣ ಹೋಗಿದ್ದ. ಆ ಅಣ್ಣ ತಂದ ಕಪ್ಪು ಟೀ ಶರ್ಟೇ ಇಷ್ಟಕ್ಕೆಲ್ಲ ಮೂಲ ಅಂತ ಅಮ್ಮನ ದೂರು.

ಅಂಗಡಿ ಅಂಗಡಿ ಅಲೆದು

ಮೊದಲು ದಂಡಿನ ಕಡೆಯ ಒಂದು ದೊಡ್ಡ ವಾದ್ಯದಂಗಡಿ. ಆರು ತಂತಿ ಗೋಡೆ ತುಂಬ. ಏಳು ತಂತಿ ಒಂದೇ ಒಂದು, ಅದೂ ನೇರ ಫ್ರೆಟ್ಟಿನದು. ಓರೆ ಫ್ರೆಟ್ ಕೇಳಿದ್ದಕ್ಕೆ ಕೌಂಟರಿನವರು ಹೇಳಿದ್ದು ಇಷ್ಟು: "ಸ್ಟಾಕ್ ಇಡಲ್ಲ ತಮ್ಮಾ. ಆರ್ಡರ್ ಹಾಕಿದ್ರೆ ತರಿಸ್ತೀವಿ. ಪೂರ್ತಿ ಅಡ್ವಾನ್ಸು. ಬಂದ ಮೇಲೆ ಕೈಗೆ ಸರಿಹೋಗ್ಲಿಲ್ಲ ಅಂತ ವಾಪಸ್ ಕೊಡೋ ಹಾಗಿಲ್ಲ."

ಹುಡುಗನಿಗೆ ಸಿಟ್ಟು ಬಂತು. ಆದ್ರೆ ಅಂಗಡಿ ಇಟ್ಟವರ ಕಷ್ಟ ಅಂಗಡಿ ಇಟ್ಟವರಿಗೇ ಗೊತ್ತು. ನೂರು ಗಿರಾಕಿಯಲ್ಲಿ ಒಬ್ಬ ಕೇಳುವ ಮಾಲಿಗೆ ಬಂಡವಾಳ ಹಾಕಿ ಗೋಡೆಗೆ ನೇತುಹಾಕಿದ್ರೆ ವರ್ಷಗಟ್ಟಲೆ ಧೂಳು ತಿನ್ನುತ್ತೆ. ಪ್ಯಾಂಟಿನ ಅಳತೆ ಗೊತ್ತಿಲ್ಲದ ಗಿರಾಕಿಗೆ ಬಟ್ಟೆ ಕತ್ತರಿಸಿ ಕೊಟ್ಟ ಹಾಗೆ.

ಐಬನೇಜಿನ ಆರ್‌ಜಿಎಂಎಸ್7, ದಕ್ಷಿಣ ಕೊರಿಯಾದ ಕಾರ್ಟ್ ಕಂಪನಿಯ ಕೆಎಕ್ಸ್507 ಮಲ್ಟಿ ಸ್ಕೇಲ್, ಇವು ಈ ಜಾತಿಯಲ್ಲಿ ಸಾಧಾರಣ ರೇಟಿನವು ಅಂತ ಹೆಸರು ಮಾಡಿದವು. ಸಾಧಾರಣ ಅನ್ನೋದು ಕಂಪನಿ ಲೆಕ್ಕ. ಹೊಸದರ ರೇಟು ಕೇಳಿದ ಮೇಲೆ ಮೊಬೈಲ್ ರಿಪೇರಿ ಹುಡುಗನ ಲೆಕ್ಕಕ್ಕೆ ಅದು ಸಾಧಾರಣವಾಗಿ ಕಾಣಲಿಲ್ಲ.

ಜರ್ಮನಿಯ ಥೋಮನ್ ಅಂಗಡಿ ತನ್ನದೇ ಹಾರ್ಲಿ ಬೆಂಟನ್ ಹೆಸರಿನಲ್ಲಿ ಅಗ್ಗದ ಗಿಟಾರು ಮಾರುತ್ತೆ. ಓರೆ ಫ್ರೆಟ್ಟಿನದೂ ಉಂಟು. ಅಲ್ಲಿಯ ರೇಟು ನೋಡಿ ಹುಡುಗ ಕುಣಿದುಬಿಟ್ಟ. ಬ್ಯಾಂಡಿನ ಡ್ರಮ್ ಹುಡುಗ, ಅವನು ಅಕೌಂಟ್ಸ್ ಓದಿದವನು, ಕಾಗದ ತೆಗೆದು ಲೆಕ್ಕ ಹಾಕಿದ. ಮಾಲಿನ ಬೆಲೆಗೆ ಸಾಗಾಣಿಕೆ, ವಿಮೆ ಸೇರಿಸಬೇಕು. ಆ ಒಟ್ಟು ಮೊತ್ತದ ಮೇಲೆ ಕಸ್ಟಮ್ಸ್ ಸುಂಕ. ಸುಂಕ ಸೇರಿದ ಮೊತ್ತದ ಮೇಲೆ ಮತ್ತೆ ಜಿಎಸ್‌ಟಿ. ಬಂದ ಮೇಲೆ ಕತ್ತು ಬಾಗಿದ್ರೆ ವಾಪಸ್ ಕಳಿಸೋ ಖರ್ಚು ಬೇರೆ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡ್ರು.

ಇಲ್ಲೇ ಮಾಡಿಸಿದ್ರೆ? ಹಲಸೂರು ಕಡೆ ಮರಗೆಲಸದವರಿಗೆ ಬರವಿಲ್ಲ. ಹಲಸಿನ ಮರದಿಂದಲೇ ಊರಿಗೆ ಹೆಸರು ಬಂತು ಅಂತ ಹೇಳ್ತಾರೆ, ದೊಡ್ಡಬಳ್ಳಾಪುರದ ಹತ್ತಿರ ಸಿಂಪಾಡಿಪುರದಲ್ಲಿ ವೀಣೆ ಮಾಡೋದೂ ಹಲಸಿನ ಮರದಲ್ಲೇ. ಆದ್ರೆ ವೀಣೆಯ 24 ಮೆಟ್ಟು ಕೂರೋದು ಮೇಣದ ಮೇಲೆ. ತಪ್ಪಿದ್ರೆ ಸರಿಸಿ ಕೂರಿಸಬಹುದು. ಗಿಟಾರಿನ ಫ್ರೆಟ್ ಮರ ಕೊಯ್ದು ಹೊಡೆಯೋದು. ಒಂದು ಸಲ ಕೊಯ್ದದ್ದು ಕೊಯ್ದದ್ದೇ. ಓರೆ ಫ್ರೆಟ್ಟಿನಲ್ಲಿ ಒಂದೊಂದಕ್ಕೂ ಒಂದೊಂದು ಕೋನ, ಎರಡೂ ತುದಿಗೆ ಬೇರೆ ಬೇರೆ ಅಳತೆ. ಒಂದು ಮಿಲಿಮೀಟರು ತಪ್ಪಿದ್ರೂ ಅಪಸ್ವರ. ಒಂದೇ ಒಂದು ಗಿಟಾರಿಗೋಸ್ಕರ ಆ ಅಚ್ಚು ಕಟ್ಟಿಸೋಕೆ ಆಗೋ ಖರ್ಚಿನಲ್ಲಿ ಹೊಸದೇ ಬರುತ್ತೆ.

ಉಳಿದದ್ದು ಸೆಕೆಂಡ್ ಹ್ಯಾಂಡ್.

ಟೇಪು ಹಿಡಿದ ಮೇಲೆ

ಇಂದಿರಾನಗರದಲ್ಲಿ ಒಬ್ಬ ಸಾಫ್ಟ್‌ವೇರ್ ಆಸಾಮಿ. ಹೊರದೇಶಕ್ಕೆ ಹೊರಟಿದ್ದ, ಮನೆ ಸಾಮಾನೆಲ್ಲ ಮಾರುತ್ತಿದ್ದ. ಫ್ರಿಜ್ಜು, ಸೋಫಾ, ಜತೆಗೆ ಓರೆ ಫ್ರೆಟ್ಟಿನ ಗಿಟಾರು. ಎಂಟು ತಂತಿಯದು. 38,000 ಅಂದವನು 34,000ಕ್ಕೆ ಇಳಿದ. "ಎಂಟು ತಗೊಂಡ್ರೆ ಏಳು ಪುಕ್ಕಟೆ ಬಂದ ಹಾಗೆ ಬಾಸ್" ಅಂದ. ಮಾತು ಚೆನ್ನಾಗಿತ್ತು. ಹುಡುಗ ಅಲ್ಲೇ 2,000 ಟೋಕನ್ ಕೊಟ್ಟುಬಿಟ್ಟ. ಸಾಲದ 1,000 ಯಾರಾದ್ರೂ ಕೈಗಡ ಕೊಡ್ತಾರೆ ಅನ್ನೋ ಧೈರ್ಯ.

ರಿಪೇರಿಯವರಿಗೆ ತೋರಿಸಿ ತಗೋ ಅಂದದ್ದು ಡ್ರಮ್ ಹುಡುಗನೇ. ಹಲಸೂರು ಸೋಮೇಶ್ವರ ದೇವಸ್ಥಾನದ ಆಸುಪಾಸಿನ ಗಲ್ಲಿಯಲ್ಲಿ ಅರವತ್ತು ದಾಟಿದ ಒಬ್ಬರಿದ್ದಾರೆ. ಇವರ ತಂದೆ ಹಾರ್ಮೋನಿಯಂ ರಿಪೇರಿ ಮಾಡ್ತಿದ್ದರು, ಇವರು ಗಿಟಾರು. ಬೋರ್ಡಿಲ್ಲ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿರುತ್ತಾರೆ. ಹುಡುಗರಿಗೆಲ್ಲ ಅಂಕಲ್.

ಅಂಕಲ್ ಮೊದಲು ತೆಗೆದದ್ದು ದರ್ಜಿಯ ಟೇಪು. ತಂತಿ ಶುರುವಾಗುವ ಪಟ್ಟಿಯಿಂದ 12ನೇ ಫ್ರೆಟ್ಟಿಗೆ ಅಳೆದರು. ಅದರ ಎರಡರಷ್ಟೇ ತಂತಿಯ ಅಳತೆ. 12ನೇ ಫ್ರೆಟ್ ಯಾವ ಗಿಟಾರಿನಲ್ಲೂ ತಂತಿಯ ಅರ್ಧಕ್ಕೇ ಕೂರುತ್ತೆ. ಸಣ್ಣ ತಂತಿಯ ಕಡೆ ಹದಿಮೂರೂಕಾಲು ಇಂಚು. ದಪ್ಪ ತಂತಿಯ ಕಡೆ 14. ಅಂದ್ರೆ 26.5ರಿಂದ 28 ಇಂಚು.

"ಕೈ ತೋರಿಸು ಮಗಾ" ಅಂದರು. ಹುಡುಗನ ಕೈ ಸಣ್ಣದು. ಮೊಬೈಲಿನ ಸ್ಕ್ರೂ ಬಿಚ್ಚೋಕೆ ಹೇಳಿ ಮಾಡಿಸಿದ ಕೈ. ಮಾಮೂಲಿ ಗಿಟಾರಿನಲ್ಲಿ ಮೊದಲ ನಾಲ್ಕು ಫ್ರೆಟ್ ಸೇರಿ ಐದೂಕಾಲು ಇಂಚು. 28 ಇಂಚಿನ ತಂತಿಯ ಮೇಲೆ ಅದೇ ನಾಲ್ಕು ಫ್ರೆಟ್ ಐದೂಮುಕ್ಕಾಲು. ಅರ್ಧ ಇಂಚು ಅಂದ್ರೆ ಏನು ಮಹಾ ಅನ್ನಿಸಬಹುದು. ಕಿರುಬೆರಳನ್ನು ಕೇಳಿ ನೋಡಿ. ಹುಡುಗ ಕೆಳಗಿನ ಕಡೆ ಒಂದು ಸ್ವರ ಹಿಡಿಯೋಕೆ ಹೋಗಿ ಹಲ್ಲು ಕಚ್ಚಿದ.

ಇನ್ನೂ ಇತ್ತು. ಎಂಟನೇ ತಂತಿಯ ಶ್ರುತಿ ಸೆಕೆಂಡಿಗೆ 46 ಕಂಪನ. ಬೇಸ್ ಗಿಟಾರಿನ ಕೊನೆಯ ತಂತಿ 41. ಎರಡೂ ಒಂದೇ ಜಾಗದಲ್ಲಿ ಗುದ್ದಾಡುತ್ತವೆ. ಜತೆಗೆ ಬಂದಿದ್ದ ಬೇಸ್ ಹುಡುಗ ಮುಖ ಊದಿಸಿಕೊಂಡು "ಹಾಗಾದ್ರೆ ನಾನ್ಯಾಕೆ?" ಅಂದ.

ಅಂಕಲ್ ಸುಮ್ಮನಿರಲಿಲ್ಲ. ಕತ್ತನ್ನು ಕಣ್ಣಿಗೆ ಹಿಡಿದು ಬಂದೂಕು ನೋಡಿದ ಹಾಗೆ ನೋಡಿದರು. ತಂತಿಯನ್ನು ಮೊದಲ ಫ್ರೆಟ್ಟಿಗೂ ಕೊನೆಯ ಫ್ರೆಟ್ಟಿಗೂ ಒತ್ತಿ ನಡುವಿನ ಸಂದು ನೋಡಿದರು. ಕೂದಲೆಳೆಯಷ್ಟು ಸಂದಿದ್ರೆ ಸರಿ. ಜಾಸ್ತಿ ಇದ್ದರೆ ಒಳಗಿನ ಕಬ್ಬಿಣದ ಸರಳು ತಿರುಗಿಸಿ ಸರಿ ಮಾಡಬಹುದು, ಅದೂ ತಿರುಗದಿದ್ರೆ ಗಿಟಾರು ಬೇಡ. ಕತ್ತಿನ ಅಂಚಿನ ಮೇಲೆ ಅಂಗೈ ಎಳೆದರು. ಫ್ರೆಟ್ ತುದಿ ಚುಚ್ಚಿತು. ಬೆಂಗಳೂರಿನ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತೆ, ಲೋಹ ಕುಗ್ಗೋದಿಲ್ಲ. ಇದು ದೊಡ್ಡ ರೋಗ ಅಲ್ಲ, ಅರದಲ್ಲಿ ಉಜ್ಜಿದ್ರೆ ಹೋಗುತ್ತೆ. ಆಮೇಲೆ ಸೇತುವೆ, ಅಂದ್ರೆ ಬ್ರಿಡ್ಜು. ಈ ಗಿಟಾರಿನಲ್ಲಿ ತಂತಿಗೊಂದು ಬಿಡಿ ಬ್ರಿಡ್ಜು. ಎರಡರ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸ್ಕ್ರೂ ಅಲ್ಲಾಡದಿದ್ರೆ ಆ ತಂತಿಯ ಶ್ರುತಿ ಕೂರಿಸೋಕೆ ಬರೋದಿಲ್ಲ. ಮಾಮೂಲಿ ಗಿಟಾರಿನ ಬ್ರಿಡ್ಜು ಇದಕ್ಕೆ ಒಗ್ಗೋದಿಲ್ಲ, ಓರೆ ಅಲ್ಲವೇ? ಪಿಕಪ್ಪಿನ ಕಥೆಯೂ ಅದೇ. ಕೆಟ್ಟರೆ ಸರಿಹೋಗುವಂಥದ್ದು ಪೇಟೆಯಲ್ಲಿ ಸಿಗೋದು ಕಷ್ಟ.

ವಾಲ್ಯೂಮ್ ತಿರುಗಿಸಿದ್ರೆ ಕರಕರ ಸದ್ದು. "ಅದು ನಾನೇ ಬೆಸುಗೆ ಹಾಕ್ಕೋತೀನಿ ಅಂಕಲ್" ಅಂದ ಹುಡುಗ. ಎಸ್.ಪಿ. ರಸ್ತೆಯಲ್ಲಿ ಆ ಬಿಡಿಭಾಗ ಸಿಗುತ್ತೆ.

"ಬೆಸುಗೆ ಹಾಕ್ತೀಯ. ಕೈ ಉದ್ದ ಮಾಡ್ತೀಯಾ?" ಅಂದರು ಅಂಕಲ್. "ಏಳು ಸಾಕು ನಿಂಗೆ. ವೀಣೆಗೂ ಏಳೇ. ಬಾರಿಸೋಕೆ ನಾಲ್ಕು, ತಾಳಕ್ಕೆ ಮೂರು."

ಟೋಕನ್ ವಾಪಸ್ ಕೇಳಿದಾಗ ಆಸಾಮಿ 1,000 ಕೊಟ್ಟ, 1,000 ಉಳಿಸಿಕೊಂಡ. ಎರಡು ದಿನ ಬೇರೆ ಗಿರಾಕಿ ಬಿಟ್ಟೆ ಅನ್ನೋ ವಾದ. ವಾದದಲ್ಲಿ ಅರ್ಧ ನ್ಯಾಯ ಇದ್ದದ್ದರಿಂದ ಅರ್ಧ ದುಡ್ಡು ಹೋಯ್ತು ಅಂತ ಬೇಕಾದ್ರೆ ಸಮಾಧಾನ ಮಾಡಿಕೊಳ್ಳಬಹುದು. ನೋಡದೆ ಟೋಕನ್ ಕೊಟ್ಟದ್ದು ಹುಡುಗನದೇ ಪೆದ್ದುತನ. ಈಗ ಕೈಯಲ್ಲಿ 32,000.

ಎರಡು ವಾರ ಕಳೆದ ಮೇಲೆ ಅಂಕಲ್ಲೇ ಫೋನು ಮಾಡಿದರು. ಹಲಸೂರಿನದೇ ಒಂದು ಕಾಲೇಜು ಬ್ಯಾಂಡು ಒಡೆದುಹೋಗಿತ್ತು. ಒಬ್ಬ ಹೈದರಾಬಾದಿಗೆ ಕೆಲಸಕ್ಕೆ ಹೋದ. ಅವನ ಏಳು ತಂತಿ ಅಂಕಲ್ ಹತ್ತಿರ ಮಾರಾಟಕ್ಕೆ ಬಂದಿತ್ತು. ಟೇಪು ಹಿಡಿದರು. ಸಣ್ಣ ತಂತಿಯ ಕಡೆ ಹನ್ನೆರಡೂಮುಕ್ಕಾಲು, ದಪ್ಪದ ಕಡೆ ಹದಿಮೂರೂವರೆ. ಅಂದ್ರೆ 25.5ರಿಂದ 27. ಕತ್ತು ನೆಟ್ಟಗಿತ್ತು, ಸರಳು ತಿರುಗಿತು, ಏಳೂ ಸ್ಕ್ರೂ ಅಲ್ಲಾಡಿದವು. ಹಿಂಬದಿ ಬಣ್ಣ ಒಂದು ಕಡೆ ಎದ್ದಿತ್ತು. ಅಂಗಡಿಯ ಅಸಲಿ ಬಿಲ್ಲು ಇತ್ತು, ಬಿಲ್ಲಿನಲ್ಲಿದ್ದ ನಂಬರೂ ಗಿಟಾರಿನ ಹಿಂದಿನ ನಂಬರೂ ಒಂದೇ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬಣ್ಣಕ್ಕಿಂತ ಈ ನಂಬರು ದೊಡ್ಡದು. ಕದ್ದ ಮಾಲಾದ್ರೆ ಗಿಟಾರು ಸ್ಟೇಷನ್‌ಗೆ, ಜತೆಗೆ ನೀವೂ.

31,500ಕ್ಕೆ ಮುಗಿಯಿತು. ಉಳಿದ 500ಕ್ಕೆ ಇನ್ನಷ್ಟು ಸೇರಿಸಿ ಹೊಸ ತಂತಿಯ ಸೆಟ್ಟು. ಅಂಕಲ್ ಕೂಲಿ ತಗೊಳ್ಳಲಿಲ್ಲ. ಅವರ ಫೋನು ಚಾರ್ಜ್ ಆಗ್ತಿರಲಿಲ್ಲ, ಹುಡುಗ ಅಲ್ಲೇ ಕೂತು ಸರಿ ಮಾಡಿಕೊಟ್ಟ.

ಹಳೇ ಬ್ಯಾಗು ಮಾರಿರಲಿಲ್ಲ, ಅದು ಒಳ್ಳೆಯದಾಯ್ತು. ಆದ್ರೆ ಹೊಸದು ಉದ್ದ. ತಲೆ ಭಾಗ ಹೊರಗೆ ಬಂದು ಜಿಪ್ಪು ಹಾಕೋಕಾಗಲಿಲ್ಲ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವರು. ನಾಲ್ಕು ಇಂಚು ರೆಕ್ಸಿನ್ ಕತ್ತರಿಸಿ ಮೇಲಕ್ಕೆ ಸೇರಿಸಿ ಹೊಲಿದರು. ಬಣ್ಣ ಹೊಂದಲಿಲ್ಲ, ಕಪ್ಪಿಗೆ ಕಂದು. ಅಪ್ಪ ಬ್ಯಾಗನ್ನು ಎತ್ತಿ ನಿಲ್ಲಿಸಿ ತಮ್ಮ ಎದೆಯವರೆಗೆ ಅಳೆದು ನೋಡಿದರು. "ಎಂಟೂವರೆಯ ಬಸ್ಸಲ್ಲಿ ಇದನ್ನ ತಗೊಂಡು ಹತ್ತಬೇಡ. ನಾನಾಗಿದ್ರೆ ಇಳಿಸ್ತಿದ್ದೆ" ಅಂದರು.

ಹಾಗಾಗಿ ಶುಕ್ರವಾರ ಸಂಜೆ ಹುಡುಗ ಮೆಟ್ರೋಗೆ ಹೋದ. ಕೆ.ಆರ್. ಪುರದಿಂದ ಇಂದಿರಾನಗರಕ್ಕೆ ನೇರ ರೈಲು ಸಿಕ್ಕಿದ್ದು 2023ರ ಅಕ್ಟೋಬರಿನಿಂದ. ಅದಕ್ಕೆ ಮುಂಚೆ ಟಿನ್ ಫ್ಯಾಕ್ಟರಿಯಲ್ಲಿ ಗಂಟೆಗಟ್ಟಲೆ ನಿಂತವರಿಗೆ ಇದರ ಬೆಲೆ ಗೊತ್ತು. ಬ್ಯಾಗು ಸ್ಕ್ಯಾನರಿನೊಳಗೆ ಹೋಯ್ತು. ಪರದೆ ನೋಡುತ್ತಿದ್ದ ಗಾರ್ಡು ಬೆಲ್ಟು ನಿಲ್ಲಿಸಿದ. ಫ್ರೆಟ್‌ಗಳೆಲ್ಲ ಅಲ್ಲಿ ಗೆರೆಗೆರೆಯಾಗಿ ಕಾಣ್ತಿದ್ದವು.

"ಏನ್ರೀ ಇದು, ಒಳಗೆಲ್ಲಾ ಸೊಟ್ಟಗಾಗಿದೆ?"

"ಅದು ಇರೋದೇ ಹಾಗೆ ಸಾರ್" ಅಂದ ಹುಡುಗ.

ತಂಗಿಯ ಫೀಸು ಜುಲೈನಲ್ಲಿ ಕಟ್ಟಿಯಾಯ್ತು. ಚೀಟಿಯ ಕಂತು ಇನ್ನೂ ಐದಿದೆ.